ವಿಮಾನ ಹಾರಿಸಿದ ಉಷಾ, ನಾಯಿಮರಿಗೆ ಬಾಗಿಲು ತೆರೆದ ಉಷಾ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದು ಬಳ್ಳಾರಿ ರಸ್ತೆಯಲ್ಲಿ ಊರೊಳಗೆ ಬರುವಾಗ, ಯಲಹಂಕ ದಾಟಿ ಹೆಬ್ಬಾಳ ಮುಟ್ಟುವ ಮೊದಲು, ಎಡಗಡೆ ಜಕ್ಕೂರಿನ ಸಣ್ಣ ಏರೋಡ್ರೋಮ್ ಇದೆ. ಹಬ್ಬಕ್ಕೆಂದು ಊರಿಗೆ ಹೋಗುವ ನಮ್ಮಂಥ ಹೊರನಾಡಿನವರಿಗೆ ಅದರತ್ತ ನೋಡುವಷ್ಟು ಪುರುಸೊತ್ತು ಇರುವುದಿಲ್ಲ. ಟ್ರಾಫಿಕ್ ಎಷ್ಟಿದೆ, ಮೆಜೆಸ್ಟಿಕ್‌ನಿಂದ ಬಸ್ಸು ಸಿಗುತ್ತದೋ ಇಲ್ಲವೋ ಎನ್ನುವುದೇ ಯೋಚನೆ. ಮೈಸೂರು ಮಹಾರಾಜರು ಕೊಟ್ಟ ಆ ಜಾಗದಲ್ಲಿ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾಯಿತು. 1949ರಲ್ಲಿ ಅಲ್ಲಿಂದ ಕಲಿತು ಹೊರಬಂದ ಮೊದಲಿಗರಲ್ಲಿ ಒಬ್ಬ ಗೃಹಿಣಿ ಇದ್ದರು. ಹೆಸರು ಉಷಾ ಸುಂದರಂ. ಸ್ವತಂತ್ರ ಭಾರತದ ಮೊದಲ ಮಹಿಳಾ ಪೈಲಟ್ ಎಂದು ಅವರನ್ನು ಕರೆಯುತ್ತಾರೆ.

ಅವರ ಹೆಸರು ನಾನು ಮೊದಲು ಕೇಳಿದ್ದು ಬೆಂಗಳೂರಿನಲ್ಲಲ್ಲ, ಚೆನ್ನೈನಲ್ಲಿ. ಅದೂ ವಿಮಾನದ ಮಾತು ಬಂದಾಗ ಅಲ್ಲ, ನಾಯಿಗಳ ಮಾತು ಬಂದಾಗ. ಕೆಲಸಕ್ಕೆಂದು ಈ ಊರಿಗೆ ಬಂದು ಹನ್ನೆರಡು ವರ್ಷವಾಯಿತು. ನಾನಿರುವ ವೇಳಚೇರಿಯಲ್ಲಿ ಆಟೋದವರಿಗೆ ‘ಬ್ಲೂ ಕ್ರಾಸ್’ ಅಂದರೆ ಸಾಕು, ದಾರಿ ಕೇಳದೆ ಕರೆದುಕೊಂಡು ಹೋಗುತ್ತಾರೆ. ಗಾಯಗೊಂಡ ನಾಯಿ, ಬೆಕ್ಕು, ಹಸು, ಕತ್ತೆಗಳನ್ನೆಲ್ಲ ನೋಡಿಕೊಳ್ಳುವ ಆ ಸಂಸ್ಥೆಯನ್ನು ಕಟ್ಟಿದವರು ಉಷಾ, ಅವರ ಪತಿ ಕ್ಯಾಪ್ಟನ್ ವಿ. ಸುಂದರಂ ಮತ್ತು ಅವರ ಮಕ್ಕಳು. ಜಕ್ಕೂರಿನ ಪೈಲಟ್ಟೂ ಚೆನ್ನೈನ ನಾಯಿಗಳ ತಾಯಿಯೂ ಒಬ್ಬರೇ ಎಂದು ತಿಳಿದಾಗ, ಇವರ ಬಗ್ಗೆ ಈ ಅಂಕಣದಲ್ಲಿ ಒಮ್ಮೆ ಬರೆಯಲೇಬೇಕು ಅನ್ನಿಸಿತು. ಬೀದಿ ನಾಯಿಯ ಹೆಸರೆತ್ತಿದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಮಾತು ಬಿಡುವಷ್ಟು ಜಗಳವಾಗುವ ಈ ದಿನಗಳಲ್ಲಿ ಇನ್ನೂ ಹೆಚ್ಚು ಅನ್ನಿಸಿತು.

ಉಷಾ ಹುಟ್ಟಿದ್ದು 1924ರಲ್ಲಿ. ಪತಿ ಸುಂದರಂ ಮೈಸೂರು ಮಹಾರಾಜರ ವಿಮಾನದ ಪೈಲಟ್. ಕೆಲಸದ ಸಲುವಾಗಿ ಈ ದಂಪತಿ 1940ರ ದಶಕದಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಅಂದರೆ ಅವರೂ ನಮ್ಮ ಹಾಗೆ ವಲಸಿಗರೇ. ನಾವು ಹೊರಟ ಊರಿಗೆ ಅವರು ಬಂದಿದ್ದರು, ಅಷ್ಟೇ ವ್ಯತ್ಯಾಸ. ಮುಂದೆ ಸುಂದರಂ ಜಕ್ಕೂರಿನ ಶಾಲೆಯ ಮುಖ್ಯಸ್ಥರಾದರು. ಗಂಡ ದಿನವೂ ಹಾರುವುದನ್ನು ಕಂಡ ಹೆಂಡತಿ ತಾನೂ ಕಲಿಯುತ್ತೇನೆ ಎಂದರು, ಕಲಿತರು.

ಇದನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸುವುದು ಸುಲಭ. 1949ರಲ್ಲಿ ಮಕ್ಕಳೊಂದಿಗ ಹೆಂಗಸು ವಿಮಾನದ ಕಂಟ್ರೋಲ್ ಹಿಡಿಯುವುದು ಎಂಥ ಮಾತಾಗಿತ್ತು ಎನ್ನುವುದನ್ನು ಊಹಿಸಿಕೊಳ್ಳಿ. ನಮ್ಮ ಅಜ್ಜಿಯರು ಬಸ್ಸು ಹತ್ತಲೂ ಜೊತೆಗೊಬ್ಬ ಗಂಡಸು ಬೇಕೆಂದು ಕಾಯುತ್ತಿದ್ದ ಕಾಲವದು. ಅದಕ್ಕೂ ಮೊದಲು, 1936ರಲ್ಲಿ, ಸರಳಾ ಠಕ್ರಾಲ್ ಲಾಹೋರಿನಲ್ಲಿ ಜಿಪ್ಸಿ ಮಾತ್ ಹಾರಿಸಿದ್ದರು ನಿಜ. ಆದರೆ ಅದು ಸಾಧ್ಯ ಎಂದು ಜನ ಇನ್ನೂ ಒಪ್ಪಿರಲಿಲ್ಲ. ಉಷಾ ಅದನ್ನು ಹವ್ಯಾಸವಾಗಿ ಬಿಡಲಿಲ್ಲ. ಪತಿಯ ಪಕ್ಕದ ಸೀಟಿನಲ್ಲಿ ಸಹ ಪೈಲಟ್ ಆಗಿ ಕೂತರು. ನೆಹರೂ, ಪಟೇಲರಂಥವರು ಈ ದಂಪತಿ ನಡೆಸಿದ ವಿಮಾನದಲ್ಲಿ ಪ್ರಯಾಣ ಮಾಡಿದ್ದಾರೆ.

ಹೆಸರು ತಂದುಕೊಟ್ಟಿದ್ದು 1951ರ ಹಾರಾಟ. ಮದ್ರಾಸ್ ಸರ್ಕಾರಕ್ಕೆ ಇಂಗ್ಲೆಂಡಿನಿಂದ ಡಿ ಹ್ಯಾವಿಲೆಂಡ್ ಡವ್ ಎಂಬ ವಿಮಾನ ಬರಬೇಕಿತ್ತು. ಎರಡು ಎಂಜಿನ್, ಎಂಟು ಹತ್ತು ಜನ ಕೂರಬಹುದಾದ ಪುಟ್ಟ ವಿಮಾನ. ತರಲು ಹೋದವರು ಸುಂದರಂ ದಂಪತಿ. ಇಂಗ್ಲೆಂಡಿನಿಂದ ಮುಂಬೈಗೆ 27 ಗಂಟೆಯಲ್ಲಿ ತಂದು ಇಳಿಸಿದರು. ಪಿಸ್ಟನ್ ಎಂಜಿನ್ ವಿಮಾನಗಳಲ್ಲಿ ಅದೊಂದು ದಾಖಲೆ. ಇವತ್ತು ಲಂಡನ್ನಿನ ಕ್ಲೈಂಟ್ ಮೀಟಿಂಗಿಗೆ ಒಂಬತ್ತು ತಾಸಿನಲ್ಲಿ ಹೋಗಿ, ಸೀಟು ಸರಿಯಿಲ್ಲ ಎಂದು ಗೊಣಗುವ ನಮಗೆ ಆ 27 ಗಂಟೆಯ ಅರ್ಥ ಪೂರ್ತಿ ಆಗಲಾರದು. ಒಳಗಿನ ಗಾಳಿಯ ಒತ್ತಡ ಕಾಪಾಡುವ ವ್ಯವಸ್ಥೆ ಡವ್‌ನಲ್ಲಿರಲಿಲ್ಲ. ಮೋಡಗಳ ಮೇಲೆ ನೆಮ್ಮದಿಯಾಗಿ ಹಾರುವಂತಿಲ್ಲ. ಅಲ್ಲಲ್ಲಿ ಇಳಿದು ಪೆಟ್ರೋಲು ತುಂಬಿಸಬೇಕು, ಮತ್ತೆ ಏರಬೇಕು. ಕಿವಿ ಗುಂಯ್‌ಗುಡುವ ಎರಡು ಎಂಜಿನ್‌ಗಳ ನಡುವೆ ಎಚ್ಚರ ತಪ್ಪದೆ ಕೂತಿರಬೇಕು.

ಇಂಥ ಸಾಧನೆಯ ಬಳಿಕ ಉಳಿದ ಜೀವನವನ್ನು ಸನ್ಮಾನ, ಭಾಷಣಗಳಲ್ಲಿ ಕಳೆಯಬಹುದಿತ್ತು. ಅವರ ಕಥೆ ಹಾಗೆ ಸಾಗಲಿಲ್ಲ.

1959ರ ಒಂದು ಮಳೆಗಾಲ. ಮದ್ರಾಸಿನ ಮಳೆ ಗೊತ್ತಲ್ಲ, ಸುರಿಯತೊಡಗಿದರೆ ರಸ್ತೆ ಯಾವುದು, ಕೆರೆ ಯಾವುದು ಎಂದು ತಿಳಿಯುವುದಿಲ್ಲ. ಹಾಗೆ ತುಂಬಿ ಹರಿಯುತ್ತಿದ್ದ ನೀರಿನಲ್ಲಿ ಎರಡು ನಾಯಿಮರಿಗಳು ಒದ್ದಾಡುತ್ತಿದ್ದವು. ಸುಂದರಂ ಅವನ್ನು ಎತ್ತಿಕೊಂಡು ಮನೆಗೆ ತಂದರು. ಅಲ್ಲಿಂದ ಶುರುವಾದದ್ದು ಬ್ಲೂ ಕ್ರಾಸ್ ಆಫ್ ಇಂಡಿಯಾ. ಮೊದಲು ಅದಕ್ಕೆ ಕಚೇರಿ ಇರಲಿಲ್ಲ, ಸುಂದರಂ ಅವರ ಮನೆಯೇ ಆಸ್ಪತ್ರೆ, ಮನೆಯೇ ಆಶ್ರಯ. ಗಂಡ ಹೆಂಡತಿ, ಮಕ್ಕಳೇ ಸಿಬ್ಬಂದಿ. 1964ರಲ್ಲಿ ಸಂಸ್ಥೆ ನೋಂದಣಿಯಾಯಿತು. ಒಂದು ಕಾಕತಾಳೀಯ ನೋಡಿ. ಯಾರ ವಿಮಾನವನ್ನು ಸುಂದರಂ ಹಿಂದೆ ಹಾರಿಸುತ್ತಿದ್ದರೋ ಆ ಜಯಚಾಮರಾಜ ಒಡೆಯರ್ ಮದ್ರಾಸಿನ ರಾಜ್ಯಪಾಲರಾಗಿ ಬಂದದ್ದೂ ಅದೇ 1964ರಲ್ಲಿ. ಭಾರತೀಯ ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ.

ಇಲ್ಲಿ ಒಂದು ಮಾತು. ನೀರಿನಿಂದ ಮರಿ ಎತ್ತಿ ತಂದವರು ಸುಂದರಂ. ಮುಂದೆ ಸಂಸ್ಥೆಯ ದನಿಯಾಗಿ ದೇಶವೆಲ್ಲ ಓಡಾಡಿದವರು ಎಂಜಿನಿಯರ್ ಮಗ ಚಿನ್ನಿ ಕೃಷ್ಣ. ಉಷಾ ಅವರ ಹೆಸರು ‘ಸ್ಥಾಪಕರಲ್ಲಿ ಒಬ್ಬರು’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ಆದರೆ ಮನೆಗೆ ಪ್ರಾಣಿ ತರುವುದು ಏನೆಂದು ಮನೆ ನಡೆಸುವವರಿಗೆ ಗೊತ್ತು. ತರುವ ಕೆಲಸ ಅರ್ಧ ಗಂಟೆಯದು. ಹಾಲು ಕಾಯಿಸುವುದು, ಹುಣ್ಣಿಗೆ ಔಷಧಿ ಹಚ್ಚುವುದು, ಹೇಸಿಗೆ ಬಳಿಯುವುದು, ನೆರೆಯವರ ಮುಖ ಸಿಂಡರಿಸುವಿಕೆ ಸಹಿಸುವುದು, ಸತ್ತ ಮರಿಯನ್ನು ಹೂತು ಬಂದು ಮಕ್ಕಳನ್ನು ಸಮಾಧಾನ ಮಾಡುವುದು, ಇವು ದಿನಗಟ್ಟಲೆಯ ಕೆಲಸ. ಆ ಮನೆಯಲ್ಲಿ ಇದೆಲ್ಲ ಯಾರ ಪಾಲಿಗೆ ಎಷ್ಟು ಬಿತ್ತು ಎಂದು ಯಾರೂ ಲೆಕ್ಕ ಇಟ್ಟಿಲ್ಲ. ನಾಯಿಮರಿ ಹೊತ್ತು ತಂದ ಗಂಡನಿಗೆ “ಇವೆಲ್ಲ ಮನೆಯೊಳಗೆ ಬೇಡ” ಎಂದಿದ್ದರೆ ಬ್ಲೂ ಕ್ರಾಸ್ ಅಲ್ಲಿಗೇ ಮುಗಿಯುತ್ತಿತ್ತು. ಅನ್ನಲಿಲ್ಲ. 27 ಗಂಟೆಯ ದಾಖಲೆಗಿಂತ ಈ ಬಾಗಿಲು ತೆರೆದ ಕೆಲಸವೇ ದೊಡ್ಡದು ಎಂದು ನನಗೆ ಅನ್ನಿಸುವುದು ಅದಕ್ಕೇ.

ಆಗಿನ ಮದ್ರಾಸಿನಲ್ಲಿ ಬೀದಿ ನಾಯಿಗಳ ಗತಿ ಏನಿತ್ತು ಎಂದು ತಿಳಿದರೆ ಅದರ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ನಾಯಿ ಹಿಡಿದು ಕೊಲ್ಲುವ ಪದ್ಧತಿಯನ್ನು ಕಾರ್ಪೊರೇಷನ್ ಶುರು ಮಾಡಿದ್ದು 1860ರಲ್ಲಿ, ಬ್ರಿಟಿಷರ ಕಾಲದಲ್ಲಿ. ನಂತರದ ದಶಕಗಳಲ್ಲಿ ವಿದ್ಯುತ್ ಶಾಕ್ ಕೊಟ್ಟು ಕೊಲ್ಲುತ್ತಿದ್ದರು. ಸಂಖ್ಯೆ ಏರುತ್ತಲೇ ಹೋಗಿ, 1995ರ ಹೊತ್ತಿಗೆ ದಿನಕ್ಕೆ 135 ನಾಯಿಗಳನ್ನು ಕೊಲ್ಲುವ ಮಟ್ಟ ಮುಟ್ಟಿತು. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 49 ಸಾವಿರ. ಸತ್ತ ನಾಯಿಗಳ ಚರ್ಮ ಎಷ್ಟು ಸಿಗುತ್ತಿತ್ತೆಂದರೆ, ಅದರಿಂದ ಟೈ, ಪರ್ಸು ಮಾಡುವ ಪ್ರಯೋಗಗಳೂ ಈ ಊರಿನಲ್ಲಿ ನಡೆದವು.

ಈಗ ಲೆಕ್ಕ ನೋಡಿ. 135 ವರ್ಷ ಕೊಂದರೂ ನಾಯಿಗಳು ಕಡಿಮೆಯಾಗಲಿಲ್ಲ, ರೇಬಿಸ್ ನಿಲ್ಲಲಿಲ್ಲ. ಕಡಿಮೆಯಾಗಿದ್ದರೆ ಕೊಲ್ಲುವ ಸಂಖ್ಯೆಯೂ ಇಳಿಯಬೇಕಿತ್ತು, ಅಲ್ಲವೇ? ನಮ್ಮ ಭಾಷೆಯಲ್ಲಿ ಹೇಳುವುದಾದರೆ, ದಿನಕ್ಕೆ 135 ಟಿಕೆಟ್ ಕ್ಲೋಸ್ ಮಾಡುತ್ತಿದ್ದಾರೆ, ಮರುದಿನ ಮತ್ತೆ ಅಷ್ಟೇ ಟಿಕೆಟ್ ಓಪನ್ ಆಗುತ್ತಿವೆ. ಯಾವ ಮ್ಯಾನೇಜರ್ ಆದರೂ ಒಂದು ದಿನ ಕೇಳಲೇಬೇಕಾದ ಪ್ರಶ್ನೆ ಇದು: ಬಗ್ ಎಲ್ಲಿದೆ?

ಆ ಪ್ರಶ್ನೆ ಕೇಳಿದವರು ಸುಂದರಂ ಕುಟುಂಬದವರು. ಬೀದಿ ನಾಯಿಗಳು ಜಾಗ ಹಂಚಿಕೊಂಡು ಬದುಕುವ ಪ್ರಾಣಿಗಳು. ಒಂದು ಬೀದಿಯ ನಾಯಿಗಳು ಬೇರೆ ಬೀದಿಯವನ್ನು ಒಳಗೆ ಬಿಡುವುದಿಲ್ಲ. ಇದ್ದವನ್ನು ಹಿಡಿದೊಯ್ದರೆ ಆ ಜಾಗ ಖಾಲಿ. ಕಸದ ತೊಟ್ಟಿ, ಮಾಂಸದಂಗಡಿ, ಹೋಟೆಲಿನ ಹಿಂಬಾಗಿಲು ಮಾತ್ರ ಅಲ್ಲೇ ಇರುತ್ತವೆ. ಹೊಸ ನಾಯಿಗಳು ಬಂದು ಸೇರುತ್ತವೆ, ಜಾಗಕ್ಕಾಗಿ ಕಚ್ಚಾಡುತ್ತವೆ. ಹೆಣ್ಣು ನಾಯಿ ಎರಡು ತಿಂಗಳಿಗೆ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಸಲ ಹಾಕಬಹುದು. ಹೊಸದಾಗಿ ಬಂದವಕ್ಕೆ ಲಸಿಕೆ ಆಗಿರುವುದಿಲ್ಲ. ಹಾಗಾಗಿ ಎಷ್ಟು ಕೊಂದರೂ ಒಂದೆರಡು ವರ್ಷದಲ್ಲಿ ಲೆಕ್ಕ ಮೊದಲಿನಷ್ಟೇ ಆಗುತ್ತದೆ, ಅಪಾಯ ಮಾತ್ರ ಹೆಚ್ಚುತ್ತದೆ.

ಇದಕ್ಕೆ ಬ್ಲೂ ಕ್ರಾಸ್ 1964ರಲ್ಲೇ ಒಂದು ದಾರಿ ಸೂಚಿಸಿತು. ನಾಯಿಯನ್ನು ಹಿಡಿಯಿರಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಗುರುತಿಗೆ ಕಿವಿಯ ತುದಿ ಸ್ವಲ್ಪ ಕತ್ತರಿಸಿ, ಎಲ್ಲಿಂದ ತಂದಿರೋ ಅಲ್ಲಿಗೇ ಬಿಡಿ. ತನ್ನ ಜಾಗವನ್ನು ಅದು ಕಾಯುತ್ತದೆ, ಹೊಸ ನಾಯಿಯನ್ನು ಬಿಡುವುದಿಲ್ಲ, ತಾನೂ ಮರಿ ಹಾಕುವುದಿಲ್ಲ. ಇದಕ್ಕೆ ಅವರು ಇಟ್ಟ ಹೆಸರು ‘ಆನಿಮಲ್ ಬರ್ತ್ ಕಂಟ್ರೋಲ್’, ಚಿಕ್ಕದಾಗಿ ಎ.ಬಿ.ಸಿ. ಅಕ್ಷರಮಾಲೆ ಕಲಿಯುವಷ್ಟು ಸುಲಭ ಎಂಬ ಅರ್ಥ ಬರಲಿ ಎಂದು ಹಾಗೆ ಕರೆದರಂತೆ.

ಸುಲಭವೇನೂ ಆಗಲಿಲ್ಲ. ಕೊಲ್ಲುವುದನ್ನು ಬಿಡಿ, ಆಪರೇಷನ್ ಮಾಡಿ ವಾಪಸ್ ಬಿಡಿ ಎಂದರೆ 1960ರ ದಶಕದಲ್ಲಿ ಯಾರು ಕೇಳುತ್ತಾರೆ? ದಶಕಗಳು ಉರುಳಿದವು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಬರಿದೇ ಕೊಲ್ಲುವುದರಿಂದ ಪ್ರಯೋಜನವಿಲ್ಲ ಎಂಬುದರತ್ತ ಬೊಟ್ಟು ಮಾಡಿತು. 1995ರಲ್ಲಿ ಚೆನ್ನೈ ಕಾರ್ಪೊರೇಷನ್ ಊರಿನ ಒಂದು ಭಾಗದಲ್ಲಿ ಎ.ಬಿ.ಸಿ.ಗೆ ಒಪ್ಪಿತು, ಮರುವರ್ಷ ಇಡೀ ಊರಿಗೆ ಹಬ್ಬಿಸಿತು. 2001ರಲ್ಲಿ ಕೇಂದ್ರ ಸರ್ಕಾರ ಅದನ್ನೇ ನಿಯಮ ಮಾಡಿತು. 2023ರಲ್ಲಿ ಅದರ ಜಾಗದಲ್ಲಿ ಹೊಸ ನಿಯಮಗಳು ಬಂದವು. ಮುಂಬೈಯಲ್ಲಿ, ಪುಣೆಯಲ್ಲಿ, ಹೈದರಾಬಾದಿನಲ್ಲಿ, ದೆಹಲಿಯಲ್ಲಿ ಈ ಅಂಕಣ ಓದುತ್ತಿರುವ ನಿಮ್ಮ ಬೀದಿಯಲ್ಲೂ ಕಿವಿ ತುದಿ ಕತ್ತರಿಸಿದ ನಾಯಿ ಇದ್ದರೆ, ಅದರ ಹಿಂದೆ ಮದ್ರಾಸಿನ ಆ ಮನೆಯ ಹಠವಿದೆ. ಸೂಚನೆಯಿಂದ ಒಪ್ಪಿಗೆಯವರೆಗೆ 31 ವರ್ಷ. ಅಷ್ಟು ಕಾಯಲು ಬೇಕಾದ ತಾಳ್ಮೆ ವಿಮಾನ ಹಾರಿಸುವ ಧೈರ್ಯಕ್ಕಿಂತ ಬೇರೆಯದೇ.

ಹಾಗಾದರೆ ಸಮಸ್ಯೆ ಬಗೆಹರಿಯಿತೇ? ಇಲ್ಲ, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಮತ್ತು ಸುತ್ತಲಿನ ಬೀದಿ ನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿ ಇಡಿ, ವಾಪಸ್ ಬಿಡಬೇಡಿ ಎಂದಿತು. ಹನ್ನೊಂದು ದಿನದ ಬಳಿಕ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ರೇಬಿಸ್ ಇರುವ ಅಥವಾ ಮೈಮೇಲೆ ಎರಗುವ ನಾಯಿಗಳನ್ನು ಬಿಟ್ಟು ಉಳಿದವನ್ನು ಆಪರೇಷನ್ ಮತ್ತು ಲಸಿಕೆಯ ನಂತರ ಅದೇ ಜಾಗಕ್ಕೆ ಬಿಡಬಹುದು, ಊಟ ಹಾಕಲು ಗೊತ್ತುಪಡಿಸಿದ ಜಾಗ ಇರಬೇಕು ಎಂದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆಯಲು ಆದೇಶವಾಯಿತು. ಆ ದಿನಗಳಲ್ಲಿ ದೇಶ ಎರಡು ಪಾಳಯವಾಯಿತು. ನಮ್ಮ ಅಪಾರ್ಟ್‌ಮೆಂಟಿನ ಗ್ರೂಪೂ ಆಯಿತು.

ಭಯ ಸುಳ್ಳಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದಿಲ್ಲ ಎಂದೇ ಹೇಳಬೇಕು. ಕಚ್ಚಿಸಿಕೊಳ್ಳುವವರಲ್ಲಿ ಮಕ್ಕಳೇ ಹೆಚ್ಚು, ಅದರಲ್ಲೂ ಕಾರಿನಲ್ಲಿ ಓಡಾಡದ, ಬೀದಿಯಲ್ಲೇ ಆಡುವ ಬಡವರ ಮಕ್ಕಳು. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುವ ಡೆಲಿವರಿ ಹುಡುಗನ ಹಿಂದೆ ನಾಲ್ಕು ನಾಯಿ ಓಡಿದಾಗ ಅವನಿಗೆ ಪ್ರಾಣಿದಯೆಯ ಪಾಠ ಹೇಳುವುದು ತಪ್ಪು. ನಾಯಿಪ್ರಿಯರಲ್ಲಿ ಕೆಲವರಾದರೂ ಈ ಭಯವನ್ನು ಲೇವಡಿ ಮಾಡುತ್ತಾರೆ, ಅದರಿಂದ ನಾಯಿಗಳಿಗೇ ಕೇಡು.

ಹಾಗೆಂದು ಊಟ ಹಾಕುವವರ ಮೇಲೆ ಮುಗಿಬೀಳುವುದೂ ಸರಿಯಲ್ಲ. ನಮ್ಮ ಬ್ಲಾಕಿನ ಮೂರನೇ ಮಹಡಿಯಲ್ಲಿ ಒಬ್ಬ ಮಾಮಿ ಇದ್ದಾರೆ. ಎಪ್ಪತ್ತು ದಾಟಿದೆ. ರಾತ್ರಿ ಒಂಬತ್ತೂವರೆಗೆ ಅನ್ನ ಮೊಸರು ಕಲಸಿದ ಪಾತ್ರೆ ಹಿಡಿದು ಹಿಂದಿನ ಗೇಟಿಗೆ ಹೋಗುತ್ತಾರೆ. ಅಸೋಸಿಯೇಷನ್ ಅವರಿಗೆ ನೋಟಿಸ್ ಕೊಟ್ಟಿತು, ಗ್ರೂಪಿನಲ್ಲಿ ಇಂಗ್ಲಿಷಿನಲ್ಲಿ ಏನೇನೋ ಬರೆದರು. ನಾನು ಒಂದು ದಿನ ಅವರ ಜೊತೆ ಹೋಗಿ ಎಣಿಸಿದೆ. ಏಳು ನಾಯಿ, ಏಳಕ್ಕೂ ಕಿವಿ ತುದಿಯಲ್ಲಿ ಗುರುತು. “ಮಾಮಿ, ಇವಕ್ಕೆಲ್ಲ ಆಪರೇಷನ್ ಮಾಡಿಸಿದ್ದು ಯಾರು?” ಎಂದು ಕೇಳಿದೆ. “ನಾನೇ ಫೋನ್ ಮಾಡಿ ವ್ಯಾನ್ ಕರೆಸಿದೆ ಕಣಪ್ಪ. ಊಟ ಹಾಕುವವರು ಕರೆದರೆ ತಾನೇ ಇವು ಹತ್ತಿರ ಬರುವುದು, ಹಿಡಿಯಲು ಆಗುವುದು?” ಎಂದು ತಮಿಳಿನಲ್ಲಿ ಹೇಳಿದರು. ಮೂರು ವರ್ಷದಿಂದ ನಮ್ಮ ಹಿಂದಿನ ರಸ್ತೆಯಲ್ಲಿ ಮರಿ ಹುಟ್ಟಿಲ್ಲವಂತೆ. ನೋಟಿಸ್ ಕೊಟ್ಟವರು ಮಾಡದ ಕೆಲಸವನ್ನು ನೋಟಿಸ್ ತೆಗೆದುಕೊಂಡವರು ಮಾಡಿ ಮುಗಿಸಿದ್ದರು.

ಇದೇ ನನಗೆ ಉಷಾ ಅವರ ಬದುಕಿನಿಂದ ಕಾಣುವ ಪಾಠ. ಪ್ರಾಣಿಪ್ರೀತಿ ಎಂದರೆ ಮೃದು ಮನಸ್ಸು, ಕಣ್ಣೀರು, ಫೋಟೋ ಎಂದು ನಾವು ತಿಳಿದಿದ್ದೇವೆ. ಅವರ ಮನೆಯಲ್ಲಿ ಅದು ಲೆಕ್ಕ ಇಡುವ, ಸೂಜಿ ಹಾಕುವ, ಅರ್ಜಿ ಬರೆಯುವ, ಮೂವತ್ತು ವರ್ಷ ಅದೇ ಮಾತು ಹೇಳುವ ಕೆಲಸವಾಗಿತ್ತು. ವಿಮಾನ ನಡೆಸುವವರು ಹಾರುವ ಮುಂಚೆ ಚೆಕ್‌ಲಿಸ್ಟ್ ನೋಡುತ್ತಾರೆ, ಒಂದನ್ನೂ ಬಿಡುವಂತಿಲ್ಲ. ಪ್ರೀತಿಗೂ ಅಂಥ ಶಿಸ್ತು ಬೇಕು. ಎ.ಬಿ.ಸಿ. ಸೋತಿದೆ ಎನ್ನುವ ಹೆಚ್ಚಿನ ಕಡೆ ಸೋತಿರುವುದು ಆ ಶಿಸ್ತೇ. ಹತ್ತರಲ್ಲಿ ಮೂರು ನಾಯಿಗೆ ಆಪರೇಷನ್ ಮಾಡಿ ನಿಲ್ಲಿಸಿದರೆ ಉಳಿದ ಏಳು ಆ ಕೊರತೆ ತುಂಬುತ್ತವೆ. ರೇಬಿಸ್ ತಡೆಗೆ ಒಂದು ಪ್ರದೇಶದ ನಾಯಿಗಳಲ್ಲಿ ಕಡಿಮೆಯೆಂದರೂ ಶೇಕಡ 70ಕ್ಕೆ ಲಸಿಕೆ ಆಗಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ನಮ್ಮ ಭಾಷೆಯಲ್ಲಿ ಕಷ್ಟಕ್ಕೆ ‘ನಾಯಿಪಾಡು’ ಎನ್ನುತ್ತೇವೆ. ಅದೇ ನಾವು ಕಾಲಭೈರವನ ವಾಹನಕ್ಕೆ ಕೈ ಮುಗಿಯುತ್ತೇವೆ, ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ನಡೆದ ನಾಯಿಯ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ಊರಿನಲ್ಲಿ ನನ್ನ ಅಮ್ಮ ಕೊನೆಯ ರೊಟ್ಟಿಯನ್ನು ಹಿತ್ತಲಿಗೆ ಬರುವ ನಾಯಿಗೆಂದೇ ತಟ್ಟುತ್ತಾರೆ. ಅಲ್ಲಿ ಯಾರೂ ಅದಕ್ಕೆ ನೋಟಿಸ್ ಕೊಡುವುದಿಲ್ಲ. ನಗರದಲ್ಲಿ ಒತ್ತಾಗಿ ಬದುಕುವಾಗ ಆ ರೊಟ್ಟಿ ಮಾತ್ರ ಸಾಲದು, ಜೊತೆಗೆ ಲಸಿಕೆಯೂ ಬೇಕು.

ಉಷಾ ಸುಂದರಂ 2010ರ ಏಪ್ರಿಲ್‌ನಲ್ಲಿ ಚೆನ್ನೈನಲ್ಲಿ ತೀರಿಕೊಂಡರು. ಅವರನ್ನು ನೆನೆಯಬೇಕೆನಿಸಿದರೆ ಮಾಡಬಹುದಾದ ಕೆಲಸ ಸಣ್ಣದು. ಈ ವಾರ ನಿಮ್ಮ ಬೀದಿಯ ನಾಯಿಗಳನ್ನು ಎಣಿಸಿ. ಕಿವಿಯ ಗುರುತು ಎಷ್ಟಕ್ಕಿದೆ, ಎಷ್ಟಕ್ಕಿಲ್ಲ ಬರೆದುಕೊಳ್ಳಿ. ಇಲ್ಲದವುಗಳ ಪಟ್ಟಿಯನ್ನು ನಿಮ್ಮ ಊರಿನ ಪಾಲಿಕೆಗೋ ಹತ್ತಿರದ ಪ್ರಾಣಿ ಸಂಸ್ಥೆಗೋ ಕೊಡಿ, ವ್ಯಾನ್ ಬರುವವರೆಗೆ ಬೆನ್ನು ಬಿಡಬೇಡಿ. ಮಕ್ಕಳಿಗೆ ಹೇಳಿಕೊಡಿ: ನಾಯಿ ಕಚ್ಚಿದರೆ, ಪರಚಿದರೆ ಬೈಸಿಕೊಳ್ಳುವ ಹೆದರಿಕೆಯಿಂದ ಮುಚ್ಚಿಡಬಾರದು. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಹೇಳಿದಷ್ಟೂ ಸೂಜಿ ಹಾಕಿಸಿಕೊಳ್ಳಬೇಕು. ಅಷ್ಟೂ ಆದಮೇಲೆ, ನಿಮ್ಮ ಬ್ಲಾಕಿನಲ್ಲೂ ರಾತ್ರಿ ಪಾತ್ರೆ ಹಿಡಿದು ಇಳಿದು ಬರುವ ಒಬ್ಬ ಅಕ್ಕ, ಒಬ್ಬ ಮಾಮಿ, ಒಬ್ಬ ಆಂಟಿ ಇದ್ದರೆ, ಒಂದು ದಿನ ಅವರ ಜೊತೆ ಗೇಟಿನವರೆಗೆ ನಡೆದು ಬನ್ನಿ. ನಮ್ಮ ಮಾಮಿ ಜೊತೆ ಈಗ ವಾರಕ್ಕೆರಡು ದಿನ ನಾನು ಹೋಗುತ್ತೇನೆ. ಎಂಟನೆಯದೊಂದು ಬಂದು ಸೇರಿದೆ, ಕಂದು ಬಣ್ಣದ್ದು, ಕಿವಿ ಇನ್ನೂ ಪೂರ್ತಿ ಇದೆ. ಗುರುವಾರ ವ್ಯಾನ್ ಬರುತ್ತದೆ ಎಂದಿದ್ದಾರೆ.